ರಿಸಾರ್ಟ್ ಊಟಕ್ಕೆ ಮೊದಲೇ ರೊಕ್ಕ ಕಟ್ಟಬೇಕಾ? ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿರ್ತೀರಿ ನೋಡಿ

ಬೆಳಗಾವಿಯಿಂದ ಎರಡು ದಿನ ರಜೆ ಸಿಕ್ಕರೆ ಹೊರಡುವ ದಾರಿಗಳು ಎಲ್ಲರಿಗೂ ಗೊತ್ತಿರುವಂಥವೇ. ಚೋರ್ಲಾ ಘಾಟ್ ಇಳಿದು ಗೋವಾ, ಅಳ್ನಾವರದ ಮೇಲೆ ದಾಂಡೇಲಿ, ಮಳೆಗಾಲವಾದರೆ ಆಂಬೋಲಿ, ಚಳಿಗಾಲದಲ್ಲಿ ಬಾದಾಮಿ. ಕೋಣೆ ಬುಕ್ ಮಾಡುವಾಗ ಎಲ್ಲ ಕಡೆಯೂ ಒಂದೇ ಪ್ರಶ್ನೆ ಎದುರಾಗುತ್ತದೆ: ‘ಬರೀ ಕೋಣೆ ಸಾಕಾ, ನಾಷ್ಟಾ ಸೇರಿಸಲಾ, ಮೂರೂ ಹೊತ್ತಿನ ಊಟ ಸೇರಿಸಲಾ?’ ಫೋನಿನ ಆ ಕಡೆಯವರು ‘ಪೂರ್ತಿ ಪ್ಲ್ಯಾನ್ ತಗೊಳ್ರಿ ಸರ್, ಆಮೇಲೆ ತುಟ್ಟಿ ಬೀಳ್ತದ’ ಅಂದಾಗ ಹೆಚ್ಚಿನವರು ಹೂಂ ಅಂದುಬಿಡುತ್ತಾರೆ. ಅಲ್ಲಿ ಐದು ನಿಮಿಷ ಕೂತು ಲೆಕ್ಕ ಹಾಕಿದರೆ ಒಂದು ಕುಟುಂಬಕ್ಕೆ ಸಾವಿರಾರು ರೂಪಾಯಿಯ ವ್ಯತ್ಯಾಸ ಬೀಳುತ್ತದೆ. ಕೆಲವು ಕಡೆ ಆ ಲೆಕ್ಕ ಪ್ಲ್ಯಾನಿನ ಪರವಾಗಿಯೇ ಬರುತ್ತದೆ, ಅದನ್ನೂ ಹೇಳುತ್ತೇನೆ.

ಮೊದಲು, ಈ ಪ್ಲ್ಯಾನುಗಳಿಗೆ ಹೋಟೆಲಿನವರು ಬಳಸುವ ಅಕ್ಷರಗಳ ಅರ್ಥ. ಇ.ಪಿ. ಅಂದರೆ ಬರೀ ಕೋಣೆ. ಸಿ.ಪಿ. ಅಂದರೆ ಕೋಣೆ ಮತ್ತು ಮುಂಜಾನೆಯ ನಾಷ್ಟಾ. ಎಂ.ಎ.ಪಿ. ಅಂದರೆ ನಾಷ್ಟಾದ ಜೊತೆ ಇನ್ನೊಂದು ಊಟ. ಆ ಊಟ ಮಧ್ಯಾಹ್ನದ್ದೋ ರಾತ್ರಿಯದ್ದೋ ಎಂದು ಆರಿಸಿಕೊಳ್ಳಲು ಕೆಲವರು ಬಿಡುತ್ತಾರೆ, ಬಹಳ ಕಡೆ ರಾತ್ರಿಯದ್ದೇ ಖಾಯಂ. ಎ.ಪಿ. ಅಂದರೆ ಮೂರೂ ಹೊತ್ತು. ದಾಂಡೇಲಿ ಕಡೆಯವರು ಈ ಹೆಸರುಗಳನ್ನು ಅಷ್ಟಾಗಿ ಬಳಸುವುದಿಲ್ಲ. ಅಲ್ಲಿ ತಲೆಗೆ ಇಷ್ಟು ಎಂದು ಒಂದೇ ದರ, ಅದರಲ್ಲೇ ಊಟ, ಸಂಜೆಯ ಚಾ-ಭಜಿ, ಒಂದೆರಡು ಆಟ-ಚಟುವಟಿಕೆ ಎಲ್ಲ ಸೇರಿರುತ್ತದೆ.

ಇಡೀ ಲೆಕ್ಕ ನಿಂತಿರುವುದು ಮಧ್ಯಾಹ್ನದ ಊಟದ ಮೇಲೆ. ನಾಷ್ಟಾ ಸೇರಿಸಿಕೊಂಡರೆ ನಷ್ಟವಾಗುವುದು ಅಪರೂಪ. ಎದ್ದ ಜಾಗದಲ್ಲೇ ಸಿಗುತ್ತದೆ, ಮಕ್ಕಳು ಹೊಟ್ಟೆ ತುಂಬ ತಿನ್ನುತ್ತಾರೆ, ಹೊರಗೆ ಹುಡುಕಿಕೊಂಡು ಹೋಗುವ ಹೊತ್ತೂ ಉಳಿಯುತ್ತದೆ. ರಾತ್ರಿ ಊಟಕ್ಕೂ ಹೆಚ್ಚಾಗಿ ಅಲ್ಲೇ ಇರುತ್ತೀರಿ. ಮಧ್ಯಾಹ್ನ ಒಂದು ಗಂಟೆಗೆ ಮಾತ್ರ ಎಲ್ಲಿರುತ್ತೀರಿ ಎಂಬುದು ಊರಿಂದ ಊರಿಗೆ ಬೇರೆ. ಅಲ್ಲೇ ಇದ್ದರೂ ಹಸಿವೆ ಇರುತ್ತದೆಯೇ ನೋಡಬೇಕು. ರಜೆಯ ದಿನ ಎದ್ದು, ಸ್ನಾನ ಮುಗಿಸಿ, ಎಲ್ಲರೂ ನಾಷ್ಟಾಕ್ಕೆ ಕೂರುವಾಗ ಒಂಬತ್ತೂವರೆ. ಇಡ್ಲಿ, ಪೂರಿ, ದೋಸೆ, ಹಣ್ಣು, ಮೇಲೊಂದು ಜಿಲೇಬಿ ಮುಗಿಸಿ ಏಳುವಾಗ ಹತ್ತೂಕಾಲು. ಮಧ್ಯಾಹ್ನದ ಬಫೆ ಸಾಮಾನ್ಯವಾಗಿ ಹನ್ನೆರಡೂವರೆಗೆ ಶುರುವಾಗಿ ಮೂರಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ದೊಡ್ಡವರಿಗೆ ಅನ್ನ-ಸಾರಿನಾಚೆ ಏನೂ ಬೇಕೆನಿಸುವುದಿಲ್ಲ. ಹಸಿವೆ ಕಿತ್ತು ಬರುವುದು ಸಂಜೆ ಐದಕ್ಕೆ. ಆಗ ಬಫೆ ಇರುವುದಿಲ್ಲ, ಭಜಿ-ಚಾಕ್ಕೆ ಮೆನು ದರ ಕೊಡಬೇಕು. ಮೂರು ಹೊತ್ತಿನ ಪ್ಲ್ಯಾನ್ ಕೊಂಡವರ ಬಿಲ್ಲಿನಲ್ಲೂ ಬೇರೆ ಖರ್ಚು ಕಾಣಿಸುವುದಕ್ಕೆ ಮುಖ್ಯ ಕಾರಣ ಇದೇ.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಪ್ರವಾಸದ ಪ್ರತಿ ಊಟವನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ. ಎದುರಿಗೆ ಆ ಹೊತ್ತಿಗೆ ಎಲ್ಲಿರುತ್ತೀರಿ ಎಂದು ಬರೆಯಿರಿ. ಖಂಡಿತ ರಿಸಾರ್ಟಿನಲ್ಲೇ ಎನ್ನುವ ಊಟಕ್ಕೆ ಪೂರ್ತಿ ಬೆಲೆ ಹಿಡಿಯಿರಿ, ಅನುಮಾನವಿದ್ದುದಕ್ಕೆ ಅರ್ಧ, ಹೊರಗಿರುವುದಕ್ಕೆ ಸೊನ್ನೆ. ಬೆಲೆ ಹಿಡಿಯುವಾಗ ರಿಸಾರ್ಟಿನ ಬಫೆ ದರವನ್ನು ತೆಗೆದುಕೊಳ್ಳಬೇಡಿ. ಪ್ಲ್ಯಾನ್ ಇಲ್ಲದಿದ್ದರೆ ಆ ಊಟಕ್ಕೆ ನೀವು ನಿಜವಾಗಿ ಎಷ್ಟು ಕೊಡುತ್ತಿದ್ದಿರಿ ಅನ್ನುವುದನ್ನೇ ಬರೆಯಿರಿ. ‘ಎಂಟುನೂರರ ಬಫೆ ನಿಮಗೆ ಆರುನೂರಕ್ಕೆ’ ಎಂಬ ಮಾತಿನಲ್ಲಿ ಇನ್ನೂರು ಉಳಿಯುವುದು, ನೀವು ಹೇಗಿದ್ದರೂ ಆ ಎಂಟುನೂರು ಕೊಡುವವರಾಗಿದ್ದರೆ ಮಾತ್ರ.

ಒಂದು ಲೆಕ್ಕ ಪೂರ್ತಿ ಮಾಡಿ ನೋಡೋಣ. ದರಗಳು ಉದಾಹರಣೆಗೆ ಹಿಡಿದವು, ನಿಮ್ಮ ರಿಸಾರ್ಟಿನ ಅಂಕಿ ಹಾಕಿಕೊಳ್ಳಿ. ಗಂಡ, ಹೆಂಡತಿ, ಅತ್ತೆ, ಒಂಬತ್ತು ವರ್ಷದ ಮಗು, ಎರಡು ರಾತ್ರಿ, ಎಲ್ಲರೂ ಸಸ್ಯಾಹಾರಿಗಳು. ನಾಷ್ಟಾ ಕೋಣೆಯ ದರದಲ್ಲೇ ಇದೆ. ಮೂರೂ ಹೊತ್ತು ಬೇಕಾದರೆ ಮಧ್ಯಾಹ್ನಕ್ಕೆ ತಲೆಗೆ 600, ರಾತ್ರಿಗೆ 700, ತೆರಿಗೆ ಸೇರಿ, ಮಗುವಿಗೆ ಅರ್ಧ ಎಂದುಕೊಳ್ಳಿ. ಮಧ್ಯಾಹ್ನಕ್ಕೆ 2,100, ರಾತ್ರಿಗೆ 2,450, ಎರಡು ದಿನಕ್ಕೆ ಒಟ್ಟು 9,100 ರೂಪಾಯಿ.

ಈಗ ಪ್ಲ್ಯಾನ್ ಇಲ್ಲದೆ ರಾತ್ರಿ ಅದೇ ರೆಸ್ಟೋರೆಂಟಿನಲ್ಲಿ ಮೆನು ನೋಡಿ ತರಿಸಿದರೆ: 350ರ ಎರಡು ಪಲ್ಯ, 280ರ ಒಂದು ದಾಲ್, 50ರಂತೆ ಎಂಟು ರೋಟಿ, 250ರ ಒಂದು ಅನ್ನ. ಕೂಡಿಸಿದರೆ 1,630, ಶೇ 5 ತೆರಿಗೆ ಸೇರಿ ಸುಮಾರು 1,710. ಬಫೆಗಿಂತ 740 ಕಡಿಮೆ. ನಮ್ಮ ಊಟ ಹಂಚಿಕೊಂಡು ಉಣ್ಣುವಂಥದ್ದು. ಒಂದು ಬಟ್ಟಲು ಪಲ್ಯ ಎರಡು-ಮೂರು ಮಂದಿಗೆ ಆಗುತ್ತದೆ. ಬಫೆ ಮಾತ್ರ ತಲೆ ಎಣಿಸುತ್ತದೆ. ಅರ್ಧ ರೊಟ್ಟಿ, ಒಂದು ಸೌಟು ಮೊಸರನ್ನ ಉಣ್ಣುವ ಅತ್ತೆಗೂ 700, ಗುಲಾಬ್‌ಜಾಮೂನಿನ ಹತ್ತಿರವೇ ನಿಂತಿರುವ ಮಗುವಿಗೂ 350. ಮಧ್ಯಾಹ್ನ ಹೊರಗೆ ಮೂರು ಥಾಳಿ ತರಿಸಿ ಮಗುವಿಗೆ ಅದರಲ್ಲೇ ಹಂಚಿದರೆ ಎಂಟುನೂರರ ಒಳಗೆ ಮುಗಿಯುತ್ತದೆ. ಎರಡು ರಾತ್ರಿ, ಎರಡು ಮಧ್ಯಾಹ್ನ ಸೇರಿ ಸುಮಾರು 5,000. ಪ್ಲ್ಯಾನ್ ಕೊಂಡರೆ ನಾಲ್ಕು ಸಾವಿರ ಹೆಚ್ಚು.

ಅದೇ ರಿಸಾರ್ಟಿಗೆ ನಾಲ್ಕು ಜನ ಹುಡುಗರು, ಚಿಕನ್ ಉಣ್ಣುವವರು, ಇಡೀ ದಿನ ಈಜಿ ಬಂದವರು ಕೂತರೆ ಲೆಕ್ಕ ತಿರುಗುತ್ತದೆ. 400ರ ಎರಡು ಸ್ಟಾರ್ಟರ್, 450ರ ಎರಡು ಚಿಕನ್, ಒಂದು ದಾಲ್, ಹದಿನಾರು ರೋಟಿ, 400ರ ಎರಡು ಬಿರಿಯಾನಿ. ತೆರಿಗೆ ಸೇರಿ 3,750 ದಾಟಿತು. ಬಫೆಗೆ 2,800. ಅವರು ಕಣ್ಣು ಮುಚ್ಚಿ ಪ್ಲ್ಯಾನ್ ತೆಗೆದುಕೊಳ್ಳಬಹುದು. ‘ನಮ್ಮ ಗೆಳೆಯರಿಗೆ ಬಹಳ ಲಾಭ ಆತು’ ಎಂಬ ಮಾತು ಕೇಳಿ ಮನೆಮಂದಿಗೆಲ್ಲ ಅದೇ ಪ್ಲ್ಯಾನ್ ಕೊಳ್ಳುವ ಮೊದಲು, ಗೆಳೆಯರ ಮೇಜಿನಲ್ಲಿ ಯಾರು ಕೂತಿದ್ದರು ಎಂದು ಕೇಳಿ.

ಊರಿನ ಪ್ರಕಾರ ನೋಡಿದರೆ ಉತ್ತರ ಹೀಗೆ ಬದಲಾಗುತ್ತದೆ.

ದಾಂಡೇಲಿ, ಗಣೇಶಗುಡಿ, ಜೋಯಿಡಾ ಕಡೆ ಊಟ ಸೇರಿಸಿಕೊಂಡೇ ಹೋಗಿ. ರಿಸಾರ್ಟುಗಳು ಕಾಡಿನೊಳಗೆ, ಊರಿನಿಂದ ದೂರ. ಕತ್ತಲಾದ ಮೇಲೆ ಊಟ ಹುಡುಕಿಕೊಂಡು ಆ ದಾರಿಯಲ್ಲಿ ಗಾಡಿ ಓಡಿಸುವುದು ಜಾಣತನ ಅಲ್ಲ, ಫೋನಿಗೆ ನೆಟ್‌ವರ್ಕ್ ಸಿಗದ ಜಾಗಗಳೂ ಇವೆ. ಅಲ್ಲಿನ ಅಡುಗೆಮನೆಗಳು ತಲೆ ಎಣಿಸಿ ಸಾಮಾನು ತರಿಸುವಂಥವು. ಹಿಂದಿನ ದಿನವೇ ಹೇಳದಿದ್ದರೆ ರೊಕ್ಕ ಕೊಟ್ಟರೂ ಊಟ ಸಿಗದೇ ಇರಬಹುದು. ಅಲ್ಲಿ ಕೇಳಬೇಕಾದ್ದು, ಪ್ಯಾಕೇಜ್ ಯಾವ ಊಟದಿಂದ ಶುರು, ಯಾವುದರಿಂದ ಮುಗಿಯುತ್ತದೆ ಎಂದು. ಒಂದು ರಾತ್ರಿಯ ಪ್ಯಾಕೇಜ್ ಮಧ್ಯಾಹ್ನದ ಊಟದಿಂದ ಶುರುವಾಗಿ ಮರುದಿನ ನಾಷ್ಟಾಕ್ಕೆ ಮುಗಿಯುವುದು ವಾಡಿಕೆ. ಶನಿವಾರ ಅರ್ಧ ದಿನ ಕೆಲಸ ಮುಗಿಸಿ ಬೆಳಗಾವಿ ಬಿಟ್ಟರೆ ಮೂರರೊಳಗೆ ಮುಟ್ಟುವುದು ಕಷ್ಟ. ಹಾಗೆ ತಪ್ಪುವ ಊಟದ ಬದಲು ಭಾನುವಾರ ಮಧ್ಯಾಹ್ನದ ಊಟ ಕೊಡ್ತೀರಾ ಎಂದು ಮುಂಚೆಯೇ ಕೇಳಿದರೆ ಸಣ್ಣ ರಿಸಾರ್ಟಿನವರು ಬಹಳ ಸಲ ಒಪ್ಪುತ್ತಾರೆ. ಹೋದ ಮೇಲೆ ಕೇಳಿದರೆ ಒಪ್ಪುವುದಿಲ್ಲ. ನಸುಕಿನಲ್ಲಿ ಸಫಾರಿಗೆ ಹೋಗುವುದಿದ್ದರೆ ನಾಷ್ಟಾ ಕಟ್ಟಿಕೊಡಲು ಹಿಂದಿನ ರಾತ್ರಿಯೇ ಹೇಳಿಡಿ.

ಗೋವಾದಲ್ಲಿ ಲೆಕ್ಕ ಉಲ್ಟಾ. ಅಕ್ಟೋಬರ್‌ನಿಂದ ಮೇವರೆಗೆ ದಂಡೆಯ ಉದ್ದಕ್ಕೂ ಊಟದ ಜಾಗಗಳು ಇರುವಾಗ, ದಿನವಿಡೀ ತಿರುಗುವವರಿಗೆ ನಾಷ್ಟಾ ಮಾತ್ರ ಸಾಕು. ಮೀನು ಉಣ್ಣುವವರಿಗಂತೂ ರಿಸಾರ್ಟ್ ಬಫೆಯ ಒಂದು ಮೀನಿನ ಸಾರಿಗಿಂತ ಹೊರಗಿನ ಮೀನೂಟ ಅಗ್ಗವೂ ಹೌದು, ರುಚಿಯೂ ಹೌದು. ಸಿಗಡಿ, ಏಡಿಯಂಥವು ಪ್ಲ್ಯಾನಿನಲ್ಲಿ ಸೇರಿರುವುದು ಕಡಿಮೆ, ಕೇಳಿಯೇ ನಂಬಬೇಕು. ಮಳೆಗಾಲದಲ್ಲಿ ದಂಡೆಯ ಶ್ಯಾಕ್‌ಗಳನ್ನು ಬಿಚ್ಚಿಡುತ್ತಾರೆ, ಕೋಣೆಯ ದರ ಇಳಿಯುತ್ತದೆ, ಮಳೆಯಲ್ಲಿ ಹೊರಬೀಳುವ ಮನಸ್ಸೂ ಇರುವುದಿಲ್ಲ. ಆಗ ನಾಷ್ಟಾ ಮತ್ತು ರಾತ್ರಿ ಊಟದ ಪ್ಲ್ಯಾನ್ ಒಳ್ಳೆಯ ವ್ಯವಹಾರ. ಪಾನೀಯ ಸಮೇತ ‘ಎಲ್ಲವೂ ಸೇರಿ’ ಎಂಬ ದುಬಾರಿ ಪ್ಲ್ಯಾನ್ ಕುಡಿಯದ ಮನೆಯವರಿಗೆ ಯಾವ ಕಾಲಕ್ಕೂ ಬೇಡ. ಕೋಣೆಯಲ್ಲಿರುವ ಎಲ್ಲ ದೊಡ್ಡವರೂ ಒಂದೇ ಪ್ಲ್ಯಾನ್ ತೆಗೆದುಕೊಳ್ಳಬೇಕು ಎಂಬ ಷರತ್ತು ಅದಕ್ಕೆ ಇರುವುದೇ ಹೆಚ್ಚು, ಒಬ್ಬರಿಗೆ ಕೊಂಡು ಹಂಚಿಕೊಳ್ಳಲು ಬರುವುದಿಲ್ಲ.

ಬಾದಾಮಿಗೆ ಮೂರು ಹೊತ್ತಿನ ಪ್ಲ್ಯಾನ್ ಯಾರೂ ಕೊಳ್ಳಬಾರದು ಎಂದೇ ಹೇಳುತ್ತೇನೆ. ಪಟ್ಟದಕಲ್ಲು 22 ಕಿಲೋಮೀಟರ್, ಅಲ್ಲಿಂದ ಐಹೊಳೆ ಇನ್ನೂ ಹನ್ನೆರಡು-ಹದಿಮೂರು. ಮುಂಜಾನೆ ಗುಹೆಯೊಳಗಿನ ಮೇಣಬಸದಿಗಳನ್ನು ನೋಡಿ ಆ ಕಡೆ ಹೊರಟರೆ ಮಧ್ಯಾಹ್ನ ಒಂದಕ್ಕೆ ನೀವು ಪಟ್ಟದಕಲ್ಲಿನಲ್ಲೋ ಐಹೊಳೆಯಲ್ಲೋ ಇರುತ್ತೀರಿ. ಕಟ್ಟಿದ ರೊಕ್ಕ ಹಾಳಾಗಬಾರದೆಂದು ಊಟಕ್ಕೆ ಬಾದಾಮಿಗೆ ತಿರುಗಿ ಬಂದರೆ ಒಂದೂವರೆ ತಾಸು ಹೋಯಿತು, ಸಂಜೆಯ ಬೆಳಕಿನಲ್ಲಿ ಭೂತನಾಥ ಗುಡಿ ನೋಡುವುದೂ ತಪ್ಪಿತು. ಬನಶಂಕರಿಗೆ ಹೋದರಂತೂ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳ ಹತ್ತಿರ ಜೋಳದ ರೊಟ್ಟಿ, ಪಲ್ಯ, ಚಟ್ನಿ, ಗಟ್ಟಿ ಮೊಸರು ಸಿಗುತ್ತದೆ. ಯಾವ ಬಫೆಯೂ ಅದಕ್ಕೆ ಸಮನಲ್ಲ. ಬಾದಾಮಿಯಲ್ಲಿ ನಾಷ್ಟಾ ಸೇರಿಸಿ, ರಾತ್ರಿಯದ್ದು ಹೋದ ಮೇಲೆ ನೋಡಿ. ವಿಜಯಪುರ ಊರೊಳಗಿನ ಹೋಟೆಲುಗಳಿಗೆ ಅದೂ ಬೇಡ, ಬಾಗಿಲಾಚೆಯೇ ಊಟ ಇದೆ. ಆಂಬೋಲಿಯಲ್ಲಿ ರಾತ್ರಿ ಊಟ ಸೇರಿಸಿಕೊಳ್ಳಿ, ಮಳೆ-ಮಂಜಿನಲ್ಲಿ ಹೊರಗೆ ಹುಡುಕುವುದು ತ್ರಾಸು.

ಇನ್ನು ನಮ್ಮ ಮನೆಗಳ ಊಟದ ರೀತಿ. ಪ್ಲ್ಯಾನ್ ಮಾರುವವರು ಇದನ್ನು ಕೇಳುವುದೇ ಇಲ್ಲ. ಬೆಳಗಾವಿ ಜಿಲ್ಲೆಯ ಜೈನ ಮನೆತನಗಳಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರು ಬಹಳ. ರಿಸಾರ್ಟಿನ ರಾತ್ರಿ ಬಫೆ ತೆರೆಯುವುದೇ ಏಳೂವರೆಗೆ. ಚಳಿಗಾಲದಲ್ಲಿ ಆರು ಗಂಟೆಯ ಆಸುಪಾಸಿಗೇ ಸೂರ್ಯಾಸ್ತ. ಐದೂವರೆಗೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಊಟ ಬಡಿಸುತ್ತೇವೆ ಎಂದು ಬರೆದು ಕೊಟ್ಟರೆ ಮಾತ್ರ ರೊಕ್ಕ ಕಟ್ಟಿ. ‘ಮಾಡಿಕೊಡ್ತೀವ್ರಿ’ ಎಂಬ ಬಾಯಿಮಾತು ಆ ಹೊತ್ತಿಗೆ ಅಡುಗೆಯವರಿಗೆ ಮುಟ್ಟಿರುವುದಿಲ್ಲ. ಸೋಮವಾರ, ಏಕಾದಶಿ, ಶ್ರಾವಣದ ಒಪ್ಪತ್ತು ಮಾಡುವ ಹಿರಿಯರಿದ್ದರೆ ಅವರ ತಲೆ ಪ್ಲ್ಯಾನಿನಿಂದ ಬಿಡಿಸಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬಫೆ ತೆರೆಯುವವರೆಗೆ ಕಾಯುವುದು ಅಪಾಯವಾಗಬಹುದು. ಅವರಿಗೆ ಮೆನುವಿನಿಂದ ಏಳಕ್ಕೇ ತರಿಸುವುದು ಸರಿ.

ರೊಟ್ಟಿ ಇಲ್ಲದೆ ಊಟವಾಯಿತು ಅನಿಸದ ಹಿರಿಯರಿಗೆ ಬುತ್ತಿಯೇ ಒಳ್ಳೆಯ ಪ್ಲ್ಯಾನ್. ಕಡಕ್ ರೊಟ್ಟಿ ಎರಡು-ಮೂರು ದಿನಕ್ಕೆ ಏನೂ ಆಗುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಮೆತ್ತಗಾಗುತ್ತವೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಣಗಿದ್ದೇ ಇರಲಿ. ಅಲ್ಲಿ ಮೊಸರು, ಒಂದು ಈರುಳ್ಳಿ ಕೇಳಿದರಾಯಿತು. ಹೊರಗಿನ ಊಟ ಒಳಗೆ ಬಿಡುತ್ತೀರಾ ಎಂದು ಮುಂಚೆ ಕೇಳಿ. ಹಲವರು ರೆಸ್ಟೋರೆಂಟಿನಲ್ಲಿ ಬೇಡ ಅನ್ನುತ್ತಾರೆ, ಕೋಣೆಯಲ್ಲಿ ಉಂಡರೆ ತಕರಾರು ಮಾಡುವುದಿಲ್ಲ.

ತೆರಿಗೆಯ ಒಂದು ಮಾತು ಸ್ವಲ್ಪ ಗಮನವಿಟ್ಟು ಓದಿ, ಇಲ್ಲಿ ಬೀಳುವ ಪೆಟ್ಟು ಕಣ್ಣಿಗೆ ಕಾಣುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5. ಅದಕ್ಕಿಂತ ಮೇಲಾದರೆ ಶೇ 18. ಕೋಣೆ, ಊಟ ಎರಡನ್ನೂ ಒಂದೇ ದರವಾಗಿ ಬಿಲ್ ಮಾಡಿದಾಗ ಊಟಕ್ಕೂ ಕೋಣೆಯ ತೆರಿಗೆಯೇ ಹತ್ತುವುದು ರೂಢಿ. ಕೋಣೆ 6,900, ಊಟ 1,600 ಎಂದುಕೊಳ್ಳಿ. ಬೇರೆ ಬೇರೆ ಬಿಲ್ಲಾಗಿ ಎರಡಕ್ಕೂ ಶೇ 5 ಹಾಕಿದರೆ 8,925. ಎರಡೂ ಸೇರಿಸಿ 8,500ರ ಪ್ಯಾಕೇಜ್ ಮಾಡಿ ಶೇ 18 ಹಾಕಿದರೆ 10,030. ಉಣ್ಣುವುದು ಅದೇ ಊಟ, ಒಂದು ರಾತ್ರಿಗೆ 1,105 ರೂಪಾಯಿ ಹೆಚ್ಚು. ಕೋಣೆಯ ದರ ಆರರಿಂದ ಏಳೂವರೆ ಸಾವಿರದ ನಡುವೆ ಇದ್ದಾಗ ‘ಬರೀ ಕೋಣೆಗೆ ತೆರಿಗೆ ಸೇರಿ ಎಷ್ಟು, ಊಟ ಸೇರಿಸಿದರೆ ತೆರಿಗೆ ಸೇರಿ ಎಷ್ಟು’ ಎಂದು ಎರಡೂ ಮೊತ್ತ ಕೇಳಲೇಬೇಕು. ಹಿಂದಿನ ಆರ್ಥಿಕ ವರ್ಷದಲ್ಲಿ ಯಾವುದೇ ಕೋಣೆಗೆ 7,500ಕ್ಕಿಂತ ಹೆಚ್ಚು ದರ ಪಡೆದ ಹೋಟೆಲಾದರೆ ಅದರ ರೆಸ್ಟೋರೆಂಟಿಗೂ ಶೇ 18 ಬರುತ್ತದೆ. ಮೆನು ನೋಡಿ ತರಿಸುವ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಬಫೆ ಎಂದು ಬರೆದದ್ದು ಬಫೆಯಾಗಿಯೇ ಇರುತ್ತದೆ ಎಂದೂ ನಂಬಬೇಡಿ. ವಾರದ ನಡುವೆ, ಮಳೆಗಾಲದಲ್ಲಿ ಕೋಣೆಗಳು ಖಾಲಿ ಇದ್ದಾಗ ಹತ್ತು ಜನರಿಗೆ ಬಫೆ ಹಚ್ಚುವುದು ಅವರಿಗೆ ಗಿಟ್ಟುವುದಿಲ್ಲ. ಆಗ ಸೆಟ್ ಮೆನು ಬರುತ್ತದೆ: ಎರಡು ಪಲ್ಯ, ದಾಲ್, ಅನ್ನ, ಒಂದು ಸಿಹಿ. ಅದು ಕೆಟ್ಟದ್ದೇನಲ್ಲ, ಬಿಸಿಬಿಸಿ ಬರುತ್ತದೆ. ದರ ಮಾತ್ರ ಬಫೆಯದ್ದೇ ಇರಬಾರದು. ಎಷ್ಟು ಕೋಣೆ ತುಂಬಿದರೆ ಬಫೆ, ಇಲ್ಲದಿದ್ದರೆ ಏನೇನು ಬಡಿಸುತ್ತೀರಿ, ಎರಡನೇ ಸಲ ಹಾಕ್ತೀರಾ ಎಂದು ಕೇಳಿ. ಬಫೆಯೇ ಇದ್ದರೆ ತೆರೆದ ಮೊದಲ ಅರ್ಧ ತಾಸಿನೊಳಗೆ ಹೋಗಿ. ಕೊನೆಗೆ ಹೋದವರ ಪಾಲಿಗೆ ಪನೀರ್ ಮುಗಿದ ಬರೀ ಗ್ರೇವಿ, ತೊಗಲಿನಂತಾದ ರೋಟಿ.

ಮಕ್ಕಳ ವಯಸ್ಸಿನ ಗೆರೆಯೂ ಒಂದೊಂದು ಕಡೆ ಒಂದೊಂದು. ಐದು ಅಥವಾ ಆರರವರೆಗೆ ಬಿಟ್ಟಿ, ಹನ್ನೆರಡರವರೆಗೆ ಅರ್ಧ ಎನ್ನುವುದು ಸಾಮಾನ್ಯ, ಆದರೂ ಕೇಳಿ. ಹುಟ್ಟಿದ ದಿನ ತೋರಿಸಲು ಆಧಾರ್ ಇಟ್ಟುಕೊಳ್ಳಿ. ಸದಸ್ಯತ್ವದ ರಿಸಾರ್ಟುಗಳಲ್ಲಿ ಕೋಣೆಗೆ ದುಡ್ಡಿಲ್ಲದಿದ್ದರೂ ಊಟ ಬೇರೆ. ಅಲ್ಲಿ ಮುಂಗಡ ಬುಕ್ ಮಾಡಿದ ದರಕ್ಕೂ ಹೋದ ಮೇಲೆ ಕೊಡುವ ದರಕ್ಕೂ ಎಷ್ಟು ಅಂತರ ಎಂದು ನೋಡಿ. ಒಂದು ಊಟಕ್ಕೆ ಐವತ್ತು-ನೂರರ ಅಂತರವಾದರೆ ಮುಂಗಡ ಕಟ್ಟಬೇಡಿ, ಆಯ್ಕೆ ಕೈಯಲ್ಲಿರಲಿ. ಇನ್ನೂರು ದಾಟಿದರೆ ರಾತ್ರಿ ಊಟ ಮಾತ್ರ ಮುಂಗಡ ಹಾಕಿ. ‘ಐದು ಸಾವಿರ ಕಟ್ಟಿ, ಐದು ಸಾವಿರದ ಊಟದ ಕ್ರೆಡಿಟ್’ ಎಂಬುದರಲ್ಲಿ ನಿಮಗೆ ಯಾವ ರಿಯಾಯಿತಿಯೂ ಇಲ್ಲ, ಉಳಿದದ್ದು ಸಾಮಾನ್ಯವಾಗಿ ವಾಪಸ್ಸೂ ಬರುವುದಿಲ್ಲ.

ಈ ಎಲ್ಲ ಪ್ರಶ್ನೆಗಳನ್ನು ಫೋನಿನಲ್ಲಿ ಕೇಳಿದರೆ ಉತ್ತರ ಗಾಳಿಗೆ ಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಹೀಗೆ ಬರೆದು ಕಳಿಸಿ: ‘ನಮಸ್ಕಾರ ಸರ್. ಶುಕ್ರವಾರ, ಶನಿವಾರ ಎರಡು ರಾತ್ರಿ. ದೊಡ್ಡವರು ಮೂವರು, ಮಗು ಒಂದು, ಒಂಬತ್ತು ವರ್ಷ. ನಾವು ಮುಟ್ಟುವುದು ಮಧ್ಯಾಹ್ನ ಮೂರೂವರೆಗೆ. ನಾಷ್ಟಾ ಮಾತ್ರ, ನಾಷ್ಟಾ ಮತ್ತು ರಾತ್ರಿ ಊಟ, ಮೂರೂ ಹೊತ್ತು: ಮೂರಕ್ಕೂ ತೆರಿಗೆ ಸೇರಿ ಒಟ್ಟು ಎಷ್ಟು ತಿಳಿಸಿರಿ. ಯಾವ ಊಟದಿಂದ ಶುರು, ಯಾವುದಕ್ಕೆ ಮುಗಿಯುತ್ತದೆ? ಬಫೆಯಾ, ಸೆಟ್ ಮೆನುವಾ? ಅತ್ತೆಯವರಿಗೆ ಪ್ಲ್ಯಾನ್ ಬೇಡ, ಅವರನ್ನು ಬಿಟ್ಟು ಉಳಿದವರಿಗೆ ಕೊಡ್ತೀರಾ? ರಾತ್ರಿ ಊಟ ಅದೇ ದಿನ ಹೇಳಿದರೆ ಎಷ್ಟು ದರ? ಬಿಟ್ಟ ಊಟಕ್ಕೆ ರೊಕ್ಕ ವಾಪಸ್ ಇದೆಯಾ?’ ಬಂದ ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ರಿಸೆಪ್ಶನ್ನಿನಲ್ಲಿ ಕೀಲಿ ಕೈ ತೆಗೆದುಕೊಳ್ಳುವಾಗಲೇ ಅದನ್ನು ತೋರಿಸಿ, ನಿಮ್ಮ ಕೋಣೆಯ ಹೆಸರಿಗೆ ಯಾವ ಯಾವ ಊಟ ಬರೆದಿದ್ದಾರೆ ಎಂದು ನೋಡಿ. ಬುಕಿಂಗ್ ಮಾಡಿದವರು ಬೇರೆ, ಊಟದ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತವರು ಬೇರೆ.

ಬಿಡುವ ದಿನ ಬಿಲ್ಲಿನಲ್ಲಿ ಮೂರು ಸಾಲು ಹುಡುಕಿ. ನೀರಿನ ಬಾಟಲಿ: ಊಟದ ಮೇಜಿನ ಮೇಲೆ ಕೇಳದೆಯೇ ತಂದಿಟ್ಟ ಸೀಲ್ ಬಾಟಲಿಗಳು ಪ್ಲ್ಯಾನಿನಲ್ಲಿ ಸೇರಿರುವುದಿಲ್ಲ. ಹೋಟೆಲಿನವರು ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ, ಆದ್ದರಿಂದ ತಂದಿಟ್ಟಾಗಲೇ ಸಾದಾ ಕುಡಿಯುವ ನೀರು ಕೇಳಿ. ಸಂಜೆಯ ಚಾ: ಪ್ಯಾಕೇಜಿನಲ್ಲಿದ್ದರೂ ಕೋಣೆಗೆ ತರಿಸಿದರೆ ರೂಮ್ ಸರ್ವಿಸ್ ಎಂದು ಹತ್ತುತ್ತದೆ. ಕೊನೆಯದು ಸರ್ವಿಸ್ ಚಾರ್ಜ್. ಅದನ್ನು ಕಡ್ಡಾಯವಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಹೇಳಿ, ತಿದ್ದಿದ ಬಿಲ್ ಕೈಗೆ ಬಂದ ಮೇಲೆ ಕಾರ್ಡ್ ಕೊಡಿ.